ಇಲ್ಲದ ಗಂಡನ ಹೆಸರು

ಅಯ್ಯಮ್ಮನ ಗಂಡ ಆದೆಪ್ಪ ಲಾರಿ ಓಡಿಸುತ್ತಿದ್ದ, ಹೈದರಾಬಾದ್ ದಾರಿಯಲ್ಲಿ ಅಪಘಾತವಾಗಿ ಸತ್ತ ಎಂದು ಓಣಿಯವರೆಲ್ಲ ನಂಬಿದ್ದರು. ನಂಬದಿರಲು ಕಾರಣವೂ ಇರಲಿಲ್ಲ. ರಾಯಚೂರಿನ ಅಕ್ಕಿ ಗಿರಣಿಯ ಹಿಂದಿನ ಆ ಓಣಿಗೆ ಅವಳು ಹತ್ತು ವರ್ಷದ ಮಗಳ ಕೈ ಹಿಡಿದು ಬಂದಾಗ ಹಣೆಯಲ್ಲಿ ಕುಂಕುಮವಿರಲಿಲ್ಲ, ಕೈಯಲ್ಲಿ ಬಳೆಯಿರಲಿಲ್ಲ. ಖುರ್ಷೀದ್ ಬೇಗಂ ಎಂಬ ಒಂಟಿ ಮುದುಕಿಯ ಮನೆಯ ಹಿಂಭಾಗದ ಕೋಣೆಯನ್ನು ಬಾಡಿಗೆಗೆ ಹಿಡಿದಳು. ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದುಕೊಟ್ಟು ಮಗಳನ್ನು ಓದಿಸಿದಳು. ಹನ್ನೊಂದು ವರ್ಷದಲ್ಲಿ ಅವಳ ಬಗ್ಗೆ ಯಾರೂ ಒಂದು ಮಾತು ಆಡುವಂತಾಗಿರಲಿಲ್ಲ.

ಆದೆಪ್ಪ ಎಂಬ ಲಾರಿ ಡ್ರೈವರ್ ಇದ್ದದ್ದು ಮಾತ್ರ ನಿಜ. ಅಯ್ಯಮ್ಮ ಮಾನ್ವಿ ಬಿಟ್ಟು ಹೊರಟ ದಿನ, ಮುಂಜಾನೆ ರಸ್ತೆಯ ಬದಿಯಲ್ಲಿ ಮಗಳೊಂದಿಗೆ ನಿಂತಿದ್ದಾಗ ಭತ್ತದ ಲಾರಿ ನಿಲ್ಲಿಸಿ ಹತ್ತಿಸಿಕೊಂಡವನು ಅವನು. ದಾರಿಯುದ್ದಕ್ಕೂ ಒಂದು ಪ್ರಶ್ನೆ ಕೇಳಲಿಲ್ಲ. ಕಲ್ಲೂರಿನ ಹತ್ತಿರ ಚಹಾಕ್ಕೆ ನಿಲ್ಲಿಸಿದಾಗ ಹುಡುಗಿಗೊಂದು ಬನ್ನು ಕೊಡಿಸಿದ. ಇಳಿಯುವಾಗ ದುಡ್ಡು ಚಾಚಿದರೆ, "ಇರಲಿ ಇಟ್ಟುಕೋ ತಂಗಿ" ಎಂದ. ಕ್ಲೀನರ್ ಅವನನ್ನು ಆದೆಪ್ಪಣ್ಣ ಎಂದು ಕೂಗಿದ್ದು ಅವಳ ಕಿವಿಯಲ್ಲಿ ಉಳಿದಿತ್ತು. ಅದೇ ಸಂಜೆ ಖುರ್ಷೀದ್ ಬೇಗಂ ಗಂಡನ ಹೆಸರು ಕೇಳಿದಾಗ ಬಾಯಿಗೆ ಬಂದದ್ದು ಆ ಹೆಸರು. ಎಲ್ಲೋ ಬದುಕಿ ಲಾರಿ ಓಡಿಸಿಕೊಂಡಿರಬಹುದಾದ ಆ ಒಳ್ಳೆಯ ಮನುಷ್ಯನನ್ನು ಅವಳು ಹಾಗೆ ನಿಂತ ನಿಲುವಿನಲ್ಲೇ ಸಾಯಿಸಿಬಿಟ್ಟಿದ್ದಳು.

ನಿಜವಾಗಿ ಅವಳಿಗೆ ಗಂಡನೇ ಇರಲಿಲ್ಲ. ಹನ್ನೆರಡು ವರ್ಷದವಳಿದ್ದಾಗ ತಾಯಿ ದುರುಗಮ್ಮ ಅವಳ ಕೊರಳಿಗೆ ಕೆಂಪು ಬಿಳಿ ಮಣಿಗಳ ಮುತ್ತು ಕಟ್ಟಿಸಿ ಹುಲಿಗೆಮ್ಮ ದೇವಿಯ ಹೆಸರಿಗೆ ಬಿಟ್ಟಿದ್ದಳು. ದುರುಗಮ್ಮನನ್ನು ಅವಳ ತಾಯಿ ಹಾಗೇ ಬಿಟ್ಟಿದ್ದಳು. ಮುಂದೆ ಮಾನ್ವಿಯ ಹೊಲಮನೆಯುಳ್ಳವನೊಬ್ಬ ಅಯ್ಯಮ್ಮನನ್ನು ಕೆಲವು ವರ್ಷ ಇಟ್ಟುಕೊಂಡ, ಭಾಗ್ಯಜ್ಯೋತಿ ಹುಟ್ಟಿದಳು, ಅವನು ಬರುವುದು ನಿಂತಿತು. ಹುಡುಗಿಗೆ ಹತ್ತು ತುಂಬಿದಾಗ ತಲೆಯಲ್ಲಿ ಒಂದು ಜಡೆ ಗಂಟುಕಟ್ಟಿತು. ಸುದ್ದಿ ಕೇಳಿ ದೇವದುರ್ಗದಿಂದ ದುರುಗಮ್ಮ ಓಡಿಬಂದಳು. "ತಾಯಿ ಕರದಾಳ. ಬರೋ ಹುಣ್ಣಿಮಿಗೆ ಮುತ್ತು ಕಟ್ಟಸೋಣು" ಎಂದಳು. ಮರುದಿನ ಬೆಳಕು ಹರಿಯುವ ಮೊದಲೇ ಅಯ್ಯಮ್ಮ ಕತ್ತರಿ ತೆಗೆದುಕೊಂಡು ಆ ಜಡೆ ಕತ್ತರಿಸಿ, ಮಗಳನ್ನು ಎಬ್ಬಿಸಿಕೊಂಡು ರಸ್ತೆಗೆ ಬಂದಿದ್ದಳು. ಅಂದಿನಿಂದ ತಾಯಿಯ ಮುಖ ನೋಡಿರಲಿಲ್ಲ. ಹಬ್ಬಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತಿದ್ದಳು, ಅಷ್ಟೇ.

ಆ ತಾಯಿಯೇ ಈಗ ಬರುವಂತಾಯಿತು. ದೇವದುರ್ಗದಿಂದ ದುರುಗಮ್ಮನ ತಮ್ಮನ ಮಗ ಹಾಲೇಶ ಫೋನ್ ಮಾಡಿದ್ದ.

"ಅಯ್ಯಮ್ಮಕ್ಕಾ, ಮನಿ ಕೆಡವಿ ಹೊಸಾದು ಕಟ್ಟಾಕತ್ತೀವಿ. ನಿಮ್ಮವ್ವಗ ಕಣ್ಣು ಸರಿ ಕಾಣಂಗಿಲ್ಲ, ಎಲ್ಲಿ ಎಡವಿ ಬೀಳ್ತಾಳೋ ಏನೋ. ನಾಕು ದಿನ ನೀ ಇಟಗೋ."

"ಜೋಗ ಬೇಡಿ ನಿಮ್ಮಪ್ಪನ್ನ ಸಾಕಿದಾಕಿ ಆಕಿ" ಎಂದಳು ಅಯ್ಯಮ್ಮ.

"ನಾ ಇಲ್ಲ ಅಂದೀನೇನು? ನಾಳಿ ಹತ್ತರ ಬಸ್ಸಿಗೆ ಹತ್ತಸ್ತೀನಿ."

ಬಸ್ಸಿನಿಂದ ಇಳಿದ ದುರುಗಮ್ಮನನ್ನು ಗುರುತು ಹಿಡಿಯಲು ಅಯ್ಯಮ್ಮನಿಗೆ ಒಂದು ಗಳಿಗೆ ಬೇಕಾಯಿತು. ಮೈ ಇಳಿದು ಕಡ್ಡಿಯಾಗಿದ್ದಳು. ಆದರೆ ಹಣೆಯ ತುಂಬ ಭಂಡಾರ, ಅದರ ನಡುವೆ ಕಾಸಿನಗಲ ಕುಂಕುಮ, ಕೈತುಂಬ ಹಸಿರು ಬಳೆ, ಕೊರಳಲ್ಲಿ ಕೆಂಪು ಬಿಳಿ ಮುತ್ತಿನ ಸರ. ಕಂಕುಳಲ್ಲಿ ದೇವಿಯ ಬುಟ್ಟಿ, ಅವರ ಮಾತಿನಲ್ಲಿ ಪಡ್ಲಿಗಿ.

"ಯವ್ವಾ, ಮೊದಲ ಆ ಸರ ತಗಿ" ಎಂದಳು ಅಯ್ಯಮ್ಮ, ಆರಾಮ ಇದ್ದೀಯಾ ಎಂದು ಕೇಳುವ ಮೊದಲೇ.

"ಯಾಕ?"

"ನಮ್ಮ ಓಣ್ಯಾಗ ಯಾರಿಗೂ ಗೊತ್ತಿಲ್ಲ. ಗಂಡ ಸತ್ತಾಕಿ ಅಂತ ಹೇಳಿಕೊಂಡೀನಿ."

ದುರುಗಮ್ಮ ಮಸುಕು ಕಣ್ಣನ್ನು ಕಿರಿದು ಮಾಡಿ ಮಗಳ ಹಣೆ ನೋಡಿದಳು. ಕೈ ಮುಟ್ಟಿ ನೋಡಿದಳು.

"ಯಾವ ಗಂಡ?"

"ಆದೆಪ್ಪ ಅಂತ."

"ಯಾರಂವ?"

"ಯಾರೂ ಅಲ್ಲ. ನೀ ಮೊದಲ ತಗಿಯಬೇ."

"ಇಲ್ಲದ ಗಂಡನ್ನ ಕೊಂದು ಹಣಿ ಬರಿದು ಮಾಡಿಕೊಂಡು ಕುಂತೀಯಲ್ಲ, ನಿನಗೇನು ಬಂದಿತ್ತು?" ಎಂದಳು ದುರುಗಮ್ಮ. ಸರ ತೆಗೆಯಲಿಲ್ಲ. ಸೆರಗನ್ನು ಕೊರಳಿಗೆ ಬಿಗಿಯಾಗಿ ಸುತ್ತಿಕೊಂಡು ಆಟೋ ಹತ್ತಿದಳು.

ಭಾಗ್ಯಜ್ಯೋತಿ ಆಗ ನರ್ಸಿಂಗ್ ಮುಗಿಸಿ ಸ್ಟೇಷನ್ ರಸ್ತೆಯ ಕಡೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಎಲ್ಲರೂ ಅವಳನ್ನು ಸಿಸ್ಟರ್ ಎನ್ನುತ್ತಿದ್ದರು. ಡಾಕ್ಟರು, ರೋಗಿ, ಚಹಾದವನು, ಎಲ್ಲರಿಗೂ ಸಿಸ್ಟರ್. ಅಪ್ಪನ ಹೆಸರು ಯಾರೂ ಕೇಳುತ್ತಿರಲಿಲ್ಲ, ಅದಕ್ಕೇ ಆ ಕರೆ ಅವಳಿಗೆ ಹಿಡಿಸಿತ್ತು. ಸಂಜೆ ಮನೆಗೆ ಬಂದವಳು ಅಜ್ಜಿಯನ್ನು ಬಾಗಿಲ ಬೆಳಕಿಗೆ ಕೂರಿಸಿ ರೆಪ್ಪೆ ಎತ್ತಿ ಕಣ್ಣು ನೋಡಿದಳು.

"ಪೊರಿ ಬಂದದ ಆಯಿ. ಆಪರೇಷನ್ ಮಾಡಿದ್ರ ಕಾಣಸ್ತದ."

"ತಾಯಿ ಕೊಟ್ಟಷ್ಟು ಕಂಡ್ರ ಸಾಕು ನನಗ. ನಿನ್ನ ಜಡಿ ಎಲ್ಲಿ ಹೋತಬೇ?"

"ಜಡಿ ಅಲ್ಲ ಅದು. ಮಾನ್ವ್ಯಾಗ ನೀರಿಲ್ಲದಕ್ಕ ತಲಿ ತೊಳೀತಿದ್ದಿಲ್ಲ, ಗಂಟಾಗಿತ್ತು. ಈಗ ನೋಡು, ಶಾಂಪೂ ಹಚ್ಚತೀನಿ, ತಾಯಿ ಕರಿಯಾದೇ ಬಿಟ್ಟಾಳ."

ದುರುಗಮ್ಮನಿಗೆ ಸಿಟ್ಟು ಬರುತ್ತದೆಂದು ಅಯ್ಯಮ್ಮ ಹೆದರಿದಳು. ಆದರೆ ಮುದುಕಿ ಮೊಮ್ಮಗಳ ಕೂದಲಲ್ಲಿ ಬೆರಳಾಡಿಸಿ, "ಎಣ್ಣಿ ಹಚ್ಚು, ಒಣಗ್ಯಾವ" ಎಂದಳಷ್ಟೇ.

ನಾಲ್ಕೈದು ದಿನ ಸುಮ್ಮನೆ ಕಳೆಯಿತು. ದುರುಗಮ್ಮ ಕುಳಿತಲ್ಲೇ ಪುಂಡಿಪಲ್ಯ ಬಿಡಿಸಿಕೊಡುತ್ತಿದ್ದಳು, ಹಿಟ್ಟು ಸಾಣಿಸಿಕೊಡುತ್ತಿದ್ದಳು. ಅವಳಿಗೆ ತಂಗಳ ರೊಟ್ಟಿಗೆ ಮೊಸರು ಬೇಕು, ಶೇಂಗಾ ಚಟ್ನಿ ಖಾರವಿರಬೇಕು. "ಇದೇನು ಆಸ್ಪತ್ರಿ ಚಟ್ನಿ?" ಎಂದು ಗೊಣಗುತ್ತಿದ್ದಳು. ಮೊದಲ ಮಂಗಳವಾರವೇ ಅಯ್ಯಮ್ಮ ಖಾನಾವಳಿಗೆ ರೊಟ್ಟಿಯ ಗಂಟು ಮುಟ್ಟಿಸಿ ಬರುವಷ್ಟರಲ್ಲಿ ಕೋಣೆ ಖಾಲಿಯಾಗಿತ್ತು. ಗೋಡೆಗೆ ತೂಗುಹಾಕಿದ್ದ ಪಡ್ಲಿಗಿ ಇರಲಿಲ್ಲ.

ದುರುಗಮ್ಮ ಎದುರು ಮನೆಯ ಅನ್ನಪೂರ್ಣಳ ಹೊಸ್ತಿಲ ಮುಂದೆ ನಿಂತಿದ್ದಳು. ಸೆರಗು ಕೊರಳ ಮೇಲಿರಲಿಲ್ಲ, ಸರ ಬಿಸಿಲಿಗೆ ಹೊಳೆಯುತ್ತಿತ್ತು. ಅನ್ನಪೂರ್ಣ ಮೊರದಲ್ಲಿ ಜೋಳ ತಂದು ಪಡ್ಲಿಗಿಗೆ ಹಾಕಿ, ಬಗ್ಗಿ ಕಾಲು ಮುಟ್ಟುತ್ತಿದ್ದಳು.

ಈ ಅನ್ನಪೂರ್ಣಳ ಮಗ ಪಂಪಾಪತಿ ಹತ್ತಿ ಗಿರಣಿಯಲ್ಲಿ ತೂಕ ಬರೆಯುವ ಕೆಲಸದಲ್ಲಿದ್ದ. ಅವನಿಗೂ ಭಾಗ್ಯಜ್ಯೋತಿಗೂ ಮನಸ್ಸಿದೆ ಎಂಬುದು ಎರಡೂ ಮನೆಗೆ ತಿಳಿದಿತ್ತು. ಮಗಳು ಸೌಭಾಗ್ಯಳ ಲಗ್ನ ಒಂದು ಮುಗಿಯಲಿ, ಆಮೇಲೆ ಇದನ್ನು ಮಾಡೋಣ ಎಂದು ಅನ್ನಪೂರ್ಣಳೇ ಬಾಯಿಬಿಟ್ಟು ಹೇಳಿದ್ದಳು.

"ಅಯ್ಯಮ್ಮಾ," ಎಂದಳು ಅನ್ನಪೂರ್ಣ, ಕೈಗೆ ಹತ್ತಿದ ಭಂಡಾರವನ್ನು ಕಣ್ಣಿಗೊತ್ತಿಕೊಳ್ಳುತ್ತ, "ನಿಮ್ಮವ್ವ ಜೋಗಮ್ಮ ಅಂತ ಒಂದ ಮಾತು ಹೇಳಲಿಲ್ಲಲ್ಲ ನೀನು?"

ಆ ಮಾತಿನಲ್ಲಿ ಭಕ್ತಿ ಇತ್ತು. ಅದರ ಹಿಂದೆ ಇನ್ನೇನೋ ಇತ್ತು, ಅದೂ ಅಯ್ಯಮ್ಮನಿಗೆ ಕೇಳಿಸಿತು.

ಸಂಜೆ ಊಟಕ್ಕೆ ಕುಳಿತಾಗ ಜಗಳ ಹೊತ್ತಿಕೊಂಡಿತು.

"ನಿನಗ ತಿನ್ನಾಕ ಕಡಿಮಿ ಮಾಡೀನೇನು? ಯಾಕ ಬೇಡಾಕ ಹೋದಿ?"

"ಬೇಡಾಕ ಹೋಗಿಲ್ಲ. ಮಂಗಳಾರ ಐದು ಮನಿ ಜೋಗ ನನ್ನ ನೇಮ. ಜ್ವರ ಬಂದಾಗ ಬಿಟ್ಟಿಲ್ಲ, ನಿನ್ನ ಹಡದಾಗ ಬಿಟ್ಟಿಲ್ಲ."

"ಇಲ್ಲಿ ಹುಡುಗಿ ಬಾಳೇವು ಅದ ಯವ್ವಾ!"

"ಬಾಳೇವು!" ದುರುಗಮ್ಮ ತಟ್ಟೆ ಸರಿಸಿದಳು. "ಊರಾಗ ನನ್ನ ಏನೇನೋ ಅಂತಿದ್ರು. ಅಂದ ಬಾಯಿಲೇ ಮನ್ಯಾಗ ಕೂಸಿಗೆ ಜ್ವರ ಬಂದ್ರ, ದುರುಗವ್ವಾ ಭಂಡಾರ ಕೊಡು ಅಂತ ಬರ್ತಿದ್ರು. ಇದು ಕೊರಳಾಗ ಇದ್ದದ್ದಕ್ಕ ನಾ ಮಂದ್ಯಾಗ ನಿಂತೀನಿ. ಇದನ್ನ ತಗದ್ರ ನಾ ಯಾರು? ಹೇಳು, ಯಾರು ನಾ?"

"ನನ್ನವ್ವ."

"ನಿನ್ನವ್ವ ಅಂತ ನಾಕು ಮಂದಿ ಮುಂದ ಹೇಳ್ತೀಯೇನು?"

 ಭಾಗ್ಯಜ್ಯೋತಿ ಅಜ್ಜಿಯ ತಟ್ಟೆಯನ್ನು ಮತ್ತೆ ಮುಂದೆ ತಳ್ಳಿ, "ಇಬ್ಬರೂ ಮೊದಲ ಉಣ್ರಿ. ನನಗ ಬೆಳಿಗ್ಗಿ ಡ್ಯೂಟಿ ಅದ" ಎಂದಳು.

ಆ ವಾರದಿಂದ ಓಣಿಯ ಹೆಂಗಸರು ಕೋಣೆಗೆ ಬರತೊಡಗಿದರು. ಒಬ್ಬಳು ಅಳುವ ಕೂಸನ್ನು ತಂದಳು, ಇನ್ನೊಬ್ಬಳು ಸೊಸೆಗೆ ಬಸಿರು ನಿಲ್ಲುವುದಿಲ್ಲವೆಂದು ಬಂದಳು. ದುರುಗಮ್ಮ ಭಂಡಾರ ಹಚ್ಚಿ ಕಳಿಸುತ್ತಿದ್ದಳು. ಬಸಿರಿನ ಮಾತಿಗೆ ಮಾತ್ರ, "ನನ್ನ ಮೊಮ್ಮಗಳನ್ನೂ ಒಂದು ಮಾತು ಕೇಳಬೇ, ಆಕೀಗಿ ಡಾಕ್ಟರ್ ಗೊತ್ತು" ಎನ್ನುತ್ತಿದ್ದಳು. ಇತ್ತ ಮೂಲೆಯ ಆಟೋ ನಿಲ್ದಾಣದಲ್ಲಿ ಹನ್ನೊಂದು ವರ್ಷ ಅಕ್ಕಾ ಎಂದು ಕರೆಯುತ್ತಿದ್ದವನೊಬ್ಬ, ರೊಟ್ಟಿಯ ಗಂಟು ಹೊತ್ತು ಹೋಗುತ್ತಿದ್ದ ಅಯ್ಯಮ್ಮನನ್ನು ನೋಡಿ, "ಏನು ಅಯ್ಯಮ್ಮಾ, ನೀನೂ ದೇವ್ರಿಗೆ ಬಿಟ್ಟಾಕೀನೇ ಏನು?" ಎಂದು ನಕ್ಕ. ಜೊತೆಗಿದ್ದವರೂ ನಕ್ಕರು. ಮರುದಿನದಿಂದ ಅವಳು ಗಿರಣಿಯ ಗೋಡೆ ಬಳಸಿ ದೂರದ ದಾರಿ ಹಿಡಿದಳು.

ಕೋಣೆ ಬಿಡು ಎನ್ನುತ್ತಾಳೇನೋ ಎಂದು ಹೆದರಿ ಅವಳು ತಾನೇ ಖುರ್ಷೀದ್ ಬೇಗಂ ಬಳಿ ಹೋದಳು. ಮುದುಕಿ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು.

"ಬೇಗಂಬೀ, ನಿಮಗ ಸುಳ್ಳು ಹೇಳಿದ್ದೆ ನಾ."

"ಗೊತ್ತದ."

"ಯಾವಾಗ ಗೊತ್ತಾತ್ರಿ? ಈಗ ನಮ್ಮವ್ವ ಬಂದಮ್ಯಾಲೆ..."

"ಅರೆ, ನಾನು ಗಂಡ ಸತ್ತಾಕಿ ಅಲ್ಲೇನು?" ಖುರ್ಷೀದ್ ಬೇಗಂ ತಲೆ ಎತ್ತಲಿಲ್ಲ. "ಇಷ್ಟು ವರ್ಷದಾಗ ಒಂದು ದಿನ ಅವನ ಹೆಸರಿಲೆ ಎಡಿ ಇಡಲಿಲ್ಲ. ಒಂದು ದಿನ ಅವನ್ನ ಬೈಯಲಿಲ್ಲ. ಗಂಡ ಸತ್ತಾಕಿ ಬೈತಾಳ ಬೇಟೀ, ಹಿಂಗ ಬಿಟ್ಟು ಹೋದ್ಯಲ್ಲ ಅಂತ ದಿನಾ ಬೈತಾಳ. ನೀ ಬೈಯಲಿಲ್ಲ. ಹೋಗು, ನಿನ್ನ ಹಂಚು ಕಾದದ ನೋಡು."

ಸೌಭಾಗ್ಯಳ ಲಗ್ನ ಬಂತು. ತಾಳಿಯ ಸರ ಪೋಣಿಸಲು ಅನ್ನಪೂರ್ಣ ಬಂದು ದುರುಗಮ್ಮನನ್ನೇ ಕರೆದಳು. ದೇವಿಯ ಹೆಸರಿನ ಮುತ್ತು ಕಟ್ಟಿಕೊಂಡವಳಿಗೆ ಗಂಡ ಸಾಯುವುದೆಂಬುದಿಲ್ಲ, ಅವಳ ಕೈಯಿಂದ ಪೋಣಿಸಿದರೆ ಮಗಳ ಮುತ್ತೈದೆತನ ಗಟ್ಟಿ ಎಂಬ ನಂಬಿಕೆ. ಮೆಟ್ಟಿಲಿಳಿಯುವಾಗ ದುರುಗಮ್ಮ ಮಗಳ ಕಡೆ ತಿರುಗಿ ನೋಡಿದಳು. 

ಅಯ್ಯಮ್ಮನೂ ಆ ಮನೆಗೆ ಹೋಗಿದ್ದಳು, ಹಿತ್ತಲಲ್ಲಿ ರೊಟ್ಟಿ ಬಡಿಯಲು. ಪ್ರತಿ ಲಗ್ನದಲ್ಲೂ ಅವಳ ಜಾಗ ಅದೇ. ಅರಿಷಿಣ ಕುಂಕುಮದ ತಟ್ಟೆ ಹಿತ್ತಲ ಬಾಗಿಲವರೆಗೆ ಬಂದು ತಿರುಗಿ ಹೋಗುತ್ತಿತ್ತು. ಅಂದು ಅವಳು ಹಿಟ್ಟಿನ ಕೈಯಲ್ಲೇ ಬಾಗಿಲಲ್ಲಿ ನಿಂತು ಇಣುಕಿದಳು. ನಡುಮನೆಯಲ್ಲಿ ಹೊಸ ಚಾಪೆಯ ಮೇಲೆ ಅವಳ ತಾಯಿ ಕುಳಿತಿದ್ದಳು. ಕಣ್ಣು ಕಾಣದಿದ್ದರೂ ಬೆರಳು ತಪ್ಪದೆ ಒಂದೊಂದೇ ಕರಿಮಣಿ ಪೋಣಿಸುತ್ತಿದ್ದಳು. ಸುತ್ತ ಕುಳಿತ ಹೆಂಗಸರು ಉಸಿರು ಹಿಡಿದು ನೋಡುತ್ತಿದ್ದರು. ಸರ ಮುಗಿದಾಗ ಒಬ್ಬೊಬ್ಬರೇ ಬಂದು ಅವಳ ಕಾಲಿಗೆರಗಿದರು. ಆಮೇಲೆ ಫೋಟೋದವನು ಬಂದ. ಅನ್ನಪೂರ್ಣ ದುರುಗಮ್ಮನ ರಟ್ಟೆ ಹಿಡಿದು ಮೆಲ್ಲಗೆ ಎಬ್ಬಿಸಿ, "ಅವ್ವಾ, ನೀವು ಒಂದೀಟು ಈ ಕಡಿ ಬರ್ರಿ, ಫೋಟೋ ತಗೀತಾರ" ಎಂದು ಗೋಡೆಯ ಬದಿಗೆ ತಂದು ನಿಲ್ಲಿಸಿದಳು. ದುರುಗಮ್ಮ ಫೋಟೋಕ್ಕೆ ನಿಲ್ಲುವವಳಂತೆ ಸೆರಗು ಸರಿಮಾಡಿಕೊಂಡು ನಿಂತೇ ಇದ್ದಳು. ತನ್ನನ್ನು ಚೌಕಟ್ಟಿನ ಹೊರಗೆ ನಿಲ್ಲಿಸಿದ್ದಾರೆಂದು ಅವಳಿಗೆ ಕಾಣಿಸಲಿಲ್ಲ. ಕಂಡದ್ದು ಅಯ್ಯಮ್ಮನಿಗೆ.

ಲಗ್ನವಾದ ಮೂರನೆಯ ದಿನ ಅನ್ನಪೂರ್ಣ ಬುಂದಿ, ಶಂಕರಪೋಳಿ ಕಟ್ಟಿಕೊಂಡು ಬಂದಳು. ಹೊಸ್ತಿಲ ಮೇಲೆಯೇ ಕುಳಿತಳು.

"ಹುಡುಗಿ ಬಂಗಾರದಂಥಾಕಿ ಅಯ್ಯಮ್ಮಾ. ಅದರಾಗ ಎರಡು ಮಾತಿಲ್ಲ. ಆದ್ರ ನಮ್ಮ ಹೊಸ ಬೀಗರ ಮಂದಿ ಕೇಳಿದ್ರು, ಆ ಜೋಗಮ್ಮನ ಮೊಮ್ಮಗಳ್ನೇ ತರ್ತೀರೇನು ಅಂತ. ನನಗ ಮಗಳ ಬಾಳೇವು ನೋಡಬೇಕಲ್ಲ?"

"ಆಕಿ ಕೈಲೇ ತಾಳಿ ಪೋಣಿಸಿದ್ರಿ" ಎಂದಳು ಅಯ್ಯಮ್ಮ.

"ಅದು ಬ್ಯಾರೆ, ಇದು ಬ್ಯಾರೆ" ಎಂದಳು ಅನ್ನಪೂರ್ಣ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಎದ್ದು ಹೋಗುವಾಗ ಒಳಗೆ ಕುಳಿತಿದ್ದ ದುರುಗಮ್ಮನಿಗೆ ಕೈಮುಗಿದೇ ಹೋದಳು.

ಮರುದಿನ ಪಂಪಾಪತಿ ಗಿರಣಿಗೆ ಹೋಗುವ ದಾರಿಯಲ್ಲಿ ಬಂದು ಬಾಗಿಲಲ್ಲಿ ನಿಂತ. ದುರುಗಮ್ಮ ಒಳಗೆ ಗೋಡೆಗೊರಗಿ ತೂಕಡಿಸುತ್ತಿದ್ದಳು, ಹಾಗೆಂದು ಅಯ್ಯಮ್ಮ ತಿಳಿದಿದ್ದಳು.

"ಅತ್ತೀ, ನಮ್ಮವ್ವನ್ನ ನಾ ಒಪ್ಪಸ್ತೀನಿ. ಆಯಿನ ಮಾತ್ರ ಊರಿಗೆ ಕಳಿಸಿಬಿಡ್ರಿ. ದೂರದ ಸಂಬಂಧಿ, ಔಷಧಕ್ಕ ಬಂದಿದ್ರು ಅಂತ ಹೇಳೋಣು. ಒಂದು ಆರು ತಿಂಗಳು ಹೋದ್ರ ಮಂದಿ ಮರೀತಾರ."

"ನೋಡೋಣಪ್ಪಾ" ಎಂದಳು ಅಯ್ಯಮ್ಮ.

ಸಂಜೆ ಹಿತ್ತಲಲ್ಲಿ ಅಯ್ಯಮ್ಮ ಅದನ್ನು ಹೇಳಿದಾಗ ಭಾಗ್ಯಜ್ಯೋತಿ ಪಾತ್ರೆ ತಿಕ್ಕುತ್ತಿದ್ದಳು. ಕೈ ನಿಂತಿತು.

"ನೋಡೋಣ ಅಂದೇನು?"

"ಮತ್ತೇನನ್ನಲಿ? ಯಾರ ಸಲುವಾಗಿ ಇಷ್ಟು ವರ್ಷ ಬರೀ ಹಣಿಲೆ ತಿರುಗೀನಿ ನಾ?"

"ನಾ ಹೇಳಿದ್ನೇನು ತಿರುಗು ಅಂತ? ಪ್ರತಿ ಫಾರಂನಾಗ ಬರೀಬೇಕು, ಆದೆಪ್ಪ, ದಿವಂಗತ. ಬರದ ಮ್ಯಾಲ ಕೇಳ್ತಾರ, ಮರಣ ಪ್ರಮಾಣಪತ್ರ ತಗೊಂಬಾ. ಎಲ್ಲಿಂದ ತರ್ಲಿ? ಎರಡು ಸಲ ಸ್ಕಾಲರ್‌ಶಿಪ್ ಬಿಟ್ಟೆ ನಾ, ನಿನಗ ಹೇಳಿಲ್ಲ."

"ನಿನಗ ಪಂಪಾಪತಿ ಬ್ಯಾಡೇನು?"

ಭಾಗ್ಯಜ್ಯೋತಿಯ ಕಣ್ಣಲ್ಲಿ ನೀರು ಬಂತು. ಸಾಬೂನಿನ ಕೈಯಲ್ಲಿ ಒರೆಸಿಕೊಂಡು ಇನ್ನಷ್ಟು ಉರಿಸಿಕೊಂಡಳು. "ಬೇಕು. ಆದ್ರ ಇವತ್ತು ಆಯಿ ಬ್ಯಾಡ ಅಂದಂವ ನಾಳಿ ನೀನೂ ಬ್ಯಾಡ ಅಂತಾನಬೇ. ಆಗೂ ನೋಡೋಣ ಅಂತೀಯೇನು?"

ಅದಾಗಿ ಮೂರನೆಯ ದಿನ ದೇವದುರ್ಗದಿಂದ ಮಾರೆಮ್ಮನ ಫೋನ್ ಬಂತು. ಅವಳು ದುರುಗಮ್ಮನ ಹಾಗೆಯೇ ಮುತ್ತು ಕಟ್ಟಿಸಿಕೊಂಡಿದ್ದವಳು; ಈಗ ಅಂಥ ಹೆಂಗಸರ ಸಂಘ ನಡೆಸುತ್ತಿದ್ದಳು. ಮಾಜಿ ದೇವದಾಸಿಯರ ಹೊಸ ಸಮೀಕ್ಷೆ ನಡೆದಿದೆ, ಹಳೆಯ ಪಟ್ಟಿಯಲ್ಲಿ ಇದ್ದವರೂ ಖುದ್ದಾಗಿ ಬಂದು ಮತ್ತೆ ಬರೆಸಬೇಕು, ಇಲ್ಲದಿದ್ದರೆ ಪಿಂಚಣಿ ನಿಲ್ಲುತ್ತದೆ ಎಂದು ಹೇಳಿದಳು. ಅಯ್ಯಮ್ಮನಿಗೆ ಅದೇ ನೆಪ ಸಿಕ್ಕಿತು. ಬರೆಸಿದ ಮೇಲೆ, ಹೊಸ ಮನೆ ಮುಗಿದಿರಲಿ ಬಿಡಲಿ, ತಾಯಿಯನ್ನು ಹಾಲೇಶನ ಬಳಿ ಬಿಟ್ಟುಬರುವುದೆಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಳು. ಬಾಯಿಬಿಟ್ಟು ಹೇಳಲಿಲ್ಲ.

ಹೇಳುವ ಅಗತ್ಯವೂ ಬೀಳಲಿಲ್ಲ. ಹೊರಡುವ ದಿನ ಬೆಳಿಗ್ಗೆ ನೋಡಿದರೆ ದುರುಗಮ್ಮ ತನ್ನ ಎರಡು ಸೀರೆ, ಕಂಬಳಿ, ಪಡ್ಲಿಗಿ, ತಾನುಣ್ಣುವ ತಟ್ಟೆ, ಎಲ್ಲವನ್ನೂ ಗಂಟು ಕಟ್ಟಿಟ್ಟಿದ್ದಳು.

"ಎಲ್ಲಾ ಯಾಕ ಕಟ್ಟಿ? ಸಂಜಿಗೆ ಬರ್ತೀವಲ್ಲ" ಎಂದಳು ಅಯ್ಯಮ್ಮ. ತನ್ನ ದನಿ ತನಗೇ ಸುಳ್ಳಾಗಿ ಕೇಳಿಸಿತು.

"ಇರಲಿ ಬಿಡಬೇ" ಎಂದಳು ದುರುಗಮ್ಮ.

ಬಸ್ಸು ಗಬ್ಬೂರು ದಾಟಿದ ಮೇಲೆ ಹೊಲಗಳಲ್ಲಿ ಹೆಂಗಸರು ಹತ್ತಿ ಬಿಡಿಸುತ್ತಿದ್ದರು. "ಹತ್ತಿ ಒಡದಾವೇನು?" ಎಂದು ದುರುಗಮ್ಮ ಕೇಳಿದಳು. "ಹ್ಞೂ, ಒಡದಾವ" ಎಂದಳು ಅಯ್ಯಮ್ಮ.

ಕಚೇರಿಯ ಮುಂದೆ ಹೆಂಗಸರ ಸಾಲು ಗೇಟಿನವರೆಗೆ ಬಂದಿತ್ತು. ಕೆಲವರು ಜೋರಾಗಿ ಮಾತಾಡುತ್ತಿದ್ದರು, ಕೆಲವರು ಮುಖದ ಮೇಲೆ ಸೆರಗು ಎಳೆದುಕೊಂಡು ಗೋಡೆಯ ಕಡೆ ತಿರುಗಿ ನಿಂತಿದ್ದರು. ಮಾರೆಮ್ಮ ಕೈಯಲ್ಲಿ ಕಾಗದದ ಕಟ್ಟು ಹಿಡಿದು ಸಾಲಿನುದ್ದಕ್ಕೂ ಓಡಾಡುತ್ತಿದ್ದಳು. ಅಯ್ಯಮ್ಮನನ್ನು ಕಂಡು ನಿಂತಳು.

"ನೀನೂ ಬರಸ್ತೀಯೇನು?"

"ಇಲ್ಲ. ನಮ್ಮವ್ವನ್ನ ಕರಕೊಂಡು ಬಂದೀನಿ."

"ಹಿಂದಿನ ಸಲಾನೂ ಬರಸಲಿಲ್ಲ ನೀನು" ಎಂದಳು ಮಾರೆಮ್ಮ. "ನೋಡು, ಮೊದಲ ಈ ಕಚೇರಿ ಜವಾನನೂ ನನ್ನ ಏನಲೇ ಅಂತಿದ್ದ. ಈಗ ಇದ ಹೆಸರು ಹೇಳಿಕೊಂಡು ಹತ್ತು ಮಂದಿ ಕೂಡಿ ಬರ್ತೀವಿ, ಕುಂದರ್ರಿ ಮಾರೆಮ್ಮನವರ ಅಂತಾನ. ನಿನ್ನಿಷ್ಟ."

ಮೇಜಿನ ಹಿಂದೆ ಚಿಕ್ಕ ವಯಸ್ಸಿನ ಅಧಿಕಾರಿಣಿಯೊಬ್ಬಳು ಟ್ಯಾಬ್ ಹಿಡಿದು ಕುಳಿತಿದ್ದಳು. ದುರುಗಮ್ಮನ ಸರದಿ ಬಂತು. ಅಯ್ಯಮ್ಮ ತಾಯಿಯ ಮೊಳಕೈ ಹಿಡಿದು ಪಕ್ಕದಲ್ಲಿ ನಿಂತಳು.

"ಹೆಸರು ಹಳೇ ಪಟ್ಟಿಯಲ್ಲಿ ಇದೆ ಅಜ್ಜಿ. ಈಗ ಎಲ್ಲಿ ವಾಸ?"

"ಇಲ್ಲೇ ರೀ, ತಮ್ಮನ ಮಗನ ಮನ್ಯಾಗ."

"ಮಕ್ಕಳು?"

"ಇಲ್ರಿ."

ಅಧಿಕಾರಿಣಿ ಬೆರಳಾಡಿಸಿ ನೋಡಿದಳು. "ಇಲ್ಲಿ ಒಬ್ಬಳು ಮಗಳು ಅಂತ ಬರೆಸಿದ್ದೀರಲ್ಲ? ಅಯ್ಯಮ್ಮ ಅಂತ."

"ಸತ್ತಾಳ್ರಿ."

"ಯಾವಾಗ?"

"ಹನ್ನೊಂದು ವರ್ಷ ಆತ್ರಿ."

"ಮತ್ತೆ ಇವರು ಯಾರು?"

ದುರುಗಮ್ಮ ತನ್ನ ಮೊಳಕೈಯನ್ನು ಮಗಳ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡಳು. "ಬಸ್ಸಿನಾಗ ಸಿಕ್ಕಾರ್ರಿ. ನನಗ ಕಣ್ಣು ಕಾಣಂಗಿಲ್ಲಲ್ರಿ, ಕೈ ಹಿಡದು ಕರಕೊಂಡು ಬಂದಾರ. ಯಾರ ಮನೀ ಮಗಳೋ ಏನೋ, ತಾಯಿ ಚಲೋ ಇಡಲಿ." ಆಮೇಲೆ ಅಯ್ಯಮ್ಮನ ಕಡೆ ಮುಖ ತಿರುಗಿಸಿ, ದನಿ ತಗ್ಗಿಸಿ, "ಸುಮ್ಕಿರು. ಹುಡುಗಿ ಲಗ್ನ ಆಗ್ಲಿ" ಎಂದಳು.

ಪಂಪಾಪತಿ ಬಾಗಿಲಲ್ಲಿ ನಿಂತು ಆಡಿದ ಮಾತನ್ನು ಅವಳು ಪೂರ್ತಿ ಕೇಳಿಸಿಕೊಂಡಿದ್ದಳೆಂದು ಅಯ್ಯಮ್ಮನಿಗೆ ಆಗ ತಿಳಿಯಿತು.

ಅಧಿಕಾರಿಣಿಯ ಬೆರಳು ಟ್ಯಾಬಿನ ಮೇಲೆ ಇಳಿಯುವುದರಲ್ಲಿತ್ತು.

"ಬರೀಬ್ಯಾಡ್ರಿ" ಎಂದಳು ಅಯ್ಯಮ್ಮ.

"ಏನು?"

"ಸತ್ತಾಕಿ ನಾನೇ ರೀ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಇನ್ನೊಬ್ಬರು "ಸುಮ್ಮನಿರ್ರಬೇ" ಎಂದು ಗದರಿದರು. ಅಯ್ಯಮ್ಮ ಮೇಜಿನ ಅಂಚು ಹಿಡಿದುಕೊಂಡಳು.

"ನನ್ನ ಹೆಸರು ಅಯ್ಯಮ್ಮ. ಈಕಿ ಮಗಳು. ನನ್ನೂ ದೇವ್ರಿಗೆ ಬಿಟ್ಟಾರ್ರಿ. ಹಳೇ ಪಟ್ಟ್ಯಾಗ ನಾ ಬರಸಿಲ್ಲ, ಈಗ ಬರಕೋರಿ."

"ಕೂತ್ಕೊಳ್ಳಿ" ಎಂದಳು ಅಧಿಕಾರಿಣಿ, ಕುರ್ಚಿ ತೋರಿಸಿ. "ಗಂಡನ ಹೆಸರು?"

"ಇಲ್ರಿ."

"ವಿಧವೆಯಾ?"

"ಅಲ್ರಿ. ಗಂಡನೇ ಇದ್ದಿಲ್ರಿ." ಅಷ್ಟು ಹೇಳಲು ಅವಳಿಗೆ ಹನ್ನೊಂದು ವರ್ಷ ಹಿಡಿದಿತ್ತು. ಹೇಳಿದ ಮೇಲೆ ನೀರು ಕುಡಿಯಬೇಕೆನಿಸಿತು.

"ಎಷ್ಟನೇ ವಯಸ್ಸಿನಲ್ಲಿ ಬಿಟ್ಟರು?"

"ಹನ್ನೆರಡ್ರಿ."

"ಯಾರು..." ಎಂದು ಅಧಿಕಾರಿಣಿ ಬಾಯಿ ತೆರೆದು ನಿಲ್ಲಿಸಿದಳು. ಅಯ್ಯಮ್ಮ ನೆಲ ನೋಡಿದಳು. 

"ನಾನೇ ರೀ" ಎಂದಳು ದುರುಗಮ್ಮ. ಅವಳ ಗಟ್ಟಿ ದನಿ ಅಲ್ಲಿ ಹೊರಡಲಿಲ್ಲ. "ನಾನೇ ಕಟ್ಟಿಸೀನಿ. ನನಗ ನಮ್ಮವ್ವ ಕಟ್ಟಿಸಿದ್ಲು. ಹಿಂಗ ಮಾಡಿದ್ರ ಈಕಿನ್ನ ಯಾರೂ ಬಿಟ್ಟು ಹೋಗಂಗಿಲ್ಲ ಅಂತ ತಿಳದಿದ್ದೆ."

ಅಧಿಕಾರಿಣಿ ಅವಳನ್ನು ನೋಡಿದಳು. "ಅದನ್ನ ಇಲ್ಲಿ ಬರೆಯೋ ಕಾಲಂ ಇಲ್ಲ ಅಜ್ಜಿ" ಎಂದು ಮುಂದಿನ ಪ್ರಶ್ನೆಗೆ ಹೋದಳು.

ಮಕ್ಕಳ ಹೆಸರು ಬಂದಾಗ ಅಯ್ಯಮ್ಮ ಎದ್ದು ಜಗಲಿಗೆ ಹೋಗಿ ಮಗಳಿಗೆ ಫೋನ್ ಮಾಡಿದಳು. ಆಸ್ಪತ್ರೆಯ ಗದ್ದಲದ ನಡುವೆ ಭಾಗ್ಯಜ್ಯೋತಿಯ ದನಿ ಕೇಳಿತು.

"ನಾ ಬರಸೀನಿ" ಎಂದಳು ಅಯ್ಯಮ್ಮ. "ನಿನ್ನ ಹೆಸರೂ ಕೇಳಾಕತ್ತಾರ. ನೀ ಬ್ಯಾಡಂದ್ರ ಬಿಡ್ತೀನಿ."

"ಆಯಿನ ಅಲ್ಲೇ ಬಿಟ್ಟು ಬರ್ತೀಯೇನು?"

"ಇಲ್ಲ. ಕರಕೊಂಡು ಬರ್ತೀನಿ."

ಅತ್ತ ಕಡೆ ಯಾರೋ ಸಿಸ್ಟರ್ ಸಿಸ್ಟರ್ ಎಂದು ಕೂಗುತ್ತಿದ್ದರು. "ಒಂದು ನಿಮಿಷ ತಡೀರಿ" ಎಂದು ಅವರಿಗೆ ಹೇಳಿ ಭಾಗ್ಯಜ್ಯೋತಿ ತನ್ನ ಆಧಾರ್ ನಂಬರನ್ನು ಒಂದೊಂದೇ ಅಂಕಿಯಾಗಿ ಹೇಳಿದಳು. ಓದು ಬಾರದ ಅಯ್ಯಮ್ಮ ಒಂದೊಂದನ್ನೇ ಗಟ್ಟಿಯಾಗಿ ಕೂಗಿ ಹೇಳುತ್ತ ಜಗಲಿಯಿಂದ ಮೇಜಿನವರೆಗೆ ನಡೆದಳು. ಸಾಲಿನಲ್ಲಿದ್ದವರು ದಾರಿ ಬಿಟ್ಟರು.

ಹಾಲೇಶನ ಮನೆಗೆ ಅವರು ಹೋಗಲಿಲ್ಲ. ಬಸ್ ನಿಲ್ದಾಣದಲ್ಲಿ ಮಿರ್ಚಿ ಮಂಡಾಳು ತಿಂದು ಸಂಜೆಯ ಬಸ್ಸಿಗೆ ರಾಯಚೂರಿಗೆ ಹೊರಟರು.

ಪಂಪಾಪತಿಗೆ ಭಾಗ್ಯಜ್ಯೋತಿ ತಾನೇ ಹೇಳಿದಳು. ಅವನು ತಲೆ ತಗ್ಗಿಸಿ ಕೇಳಿದ. "ಯೋಚನೆ ಮಾಡ್ತೀನಿ" ಎಂದು ಹೋದವನು ಮತ್ತೆ ಆಸ್ಪತ್ರೆಯ ಕಡೆ ಬರಲಿಲ್ಲ. ಕೆಲವು ದಿನ ಅವಳು ಸರಿಯಾಗಿ ಉಣ್ಣಲಿಲ್ಲ. ದುರುಗಮ್ಮ ಕೈತುತ್ತು ಮಾಡಿ ಎದುರಿಗೆ ಹಿಡಿದು ಕುಳಿತುಕೊಳ್ಳುತ್ತಿದ್ದಳು, ಉಂಡಳೋ ಇಲ್ಲವೋ ಕಾಣದ್ದರಿಂದ, "ನುಂಗಿದೇನು?" ಎಂದು ಕೇಳಿ ಕೇಳಿ ಉಣ್ಣಿಸುತ್ತಿದ್ದಳು. ಕಣ್ಣಿನ ಆಪರೇಷನ್ನಿಗೆ ಒಪ್ಪಿಕೊಂಡಳು. ಮಂಗಳವಾರದ ಜೋಗ ಬಿಡಲು ಮಾತ್ರ ಒಪ್ಪಲಿಲ್ಲ. ಅಯ್ಯಮ್ಮ ಕೇಳುವುದನ್ನೂ ಬಿಟ್ಟಳು. ಓಣಿಯಲ್ಲಿ ಒಂದಿಬ್ಬರು ಮಾತು ಕಡಿಮೆ ಮಾಡಿದರು. ಖಾನಾವಳಿಯವನು ರೊಟ್ಟಿ ತೆಳ್ಳಗಿದ್ದರೆ ಸಾಕು ಎಂದ.

ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ, ನಲ್ಲಿಗೆ ನೀರು ಬಂದು ಓಣಿಯ ಹೆಂಗಸರೆಲ್ಲ ಕೊಡ ಹಿಡಿದು ಹೊರಗಿದ್ದಾಗ, ಹೆಗಲಿಗೆ ಚೀಲ ಹಾಕಿಕೊಂಡ ಸರ್ಕಾರಿ ಮನುಷ್ಯನೊಬ್ಬ ಬೈಕು ನಿಲ್ಲಿಸಿ ಕಾಗದ ನೋಡುತ್ತ ಗಟ್ಟಿಯಾಗಿ ಕೇಳಿದ:

"ಮಾಜಿ ದೇವದಾಸಿ ಅಯ್ಯಮ್ಮ ಅನ್ನೋರ ಮನಿ ಯಾವುದ್ರಿ?"

ಕೊಡ ತುಂಬಿ ಹರಿಯುತ್ತಿದ್ದರೂ ಯಾರೂ ಸರಿಸಲಿಲ್ಲ. ಅನ್ನಪೂರ್ಣ ತನ್ನ ಬಾಗಿಲಲ್ಲಿ ಕಸಬರಿಗೆ ಹಿಡಿದು ನಿಂತುಬಿಟ್ಟಳು. ಒಳಗೆ ಹಂಚಿನ ಮುಂದಿದ್ದ ಅಯ್ಯಮ್ಮನಿಗೆ ಆ ಮಾತು ಕೇಳಿಸಿತು. ಹಂಚಿನ ಮೇಲಿದ್ದ ರೊಟ್ಟಿಯನ್ನು ತಿರುವಿ ಹಾಕಿ, ಎರಡೂ ಕಡೆ ಬೇಯಿಸಿ, ಬುಟ್ಟಿಗೆ ಹಾಕಿದಳು. ಆಮೇಲೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಇದೇ ರೀ. ಬರ್ರಿ."

ಖುರ್ಷೀದ್ ಬೇಗಂ ಒಳಗಿನಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಅಂಗಳದ ನಡುವೆ ಹಾಕಿದಳು. ಅವನು ಕುಳಿತು ಕಾಗದ ಬಿಚ್ಚಿದ. ಮನೆ ಸ್ವಂತದ್ದೋ ಬಾಡಿಗೆಯದ್ದೋ, ಎಷ್ಟು ಮಂದಿ ಇದ್ದೀರಿ ಎಂದೆಲ್ಲ ಕೇಳಿದ. ಅಯ್ಯಮ್ಮ ನಿಂತೇ ಉತ್ತರ ಹೇಳಿದಳು.

"ಮನಿ ಯಜಮಾನರು ಯಾರು?"

"ನಾನೇ ರೀ" ಎಂದಳು ಅಯ್ಯಮ್ಮ.

"ಯಾಕ?" ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡು ಒಳಗೆ ಮಲಗಿದ್ದ ದುರುಗಮ್ಮ ಕೂಗಿದಳು. "ನಾ ಇನ್ನೂ ಬದುಕೀನಿ ಅಂತ ಹೇಳಬೇ ಅವರಿಗೆ!"

ನಲ್ಲಿಯ ಹತ್ತಿರ ನಿಂತಿದ್ದ ಹೆಂಗಸರಲ್ಲಿ ಒಬ್ಬಳು ಫಕ್ಕನೆ ನಕ್ಕಳು. ಅಯ್ಯಮ್ಮನಿಗೂ ನಗು ತಡೆಯಲಾಗಲಿಲ್ಲ.

"ಇಬ್ಬರದೂ ಬರಕೋರಿ ಸಾಹೇಬ್ರ" ಎಂದಳು.